ಈರಣ್ಣ ಕಳಿಸಿದ ಗುಡ್ ಮಾರ್ನಿಂಗ್

ಆಫೀಸಿನ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುವುದು ಈರಣ್ಣನ ನೇಮ. ಆ ಗುರುವಾರ ಅವನಿಗೆ ಗುಲಾಬಿ ಸಾಲದು ಅನ್ನಿಸಿತು ನೋಡಿ, ಕೆಟ್ಟದ್ದೇ ಅಲ್ಲಿ.

2015ರ ಡಿಸೆಂಬರ್. ಎಣ್ಣೆ ಬೆಲೆ ಕುಸಿದು, ಗಲ್ಫಿನ ಬೌಷರ್ ಊರಿನ ಅವನ ಕಂಪನಿಯಿಂದ ಮೂವತ್ತು ಜನರನ್ನು ಮನೆಗೆ ಕಳಿಸುವ ಪಟ್ಟಿ ಆ ಸಂಜೆ ಹೊರಬೀಳುವುದಿತ್ತು. ಕೆಲಸ ಹೋದರೆ ವೀಸಾನೂ ಹೋಯಿತು. ಮಗಳು ಪ್ರಿಯಾಂಕಾ ಹನ್ನೆರಡನೇ ಕ್ಲಾಸಿನ ಪರೀಕ್ಷೆಗೆ ಮೂರು ತಿಂಗಳಿರುವಾಗ ಬಾಗಲಕೋಟೆಗೆ ಗಂಟುಮೂಟೆ ಕಟ್ಟಬೇಕು. ಡಚ್ ಮ್ಯಾನೇಜರ್ ವಿಲ್ಲೆಮ್ ಸಾಹೇಬರ ಮನಸ್ಸು ಕರಗಿಸುವುದು ಹೇಗೆ?

ಅಷ್ಟರಲ್ಲಿ ಮಗಳ ಫೋನಿನಿಂದ ಒಂದು ರ‍್ಯಾಪ್ ಹಾಡು ಕೇಳಿಸಿತು.

"ಯಾರವ್ವಾ ಇಂವ?"

"ಇಲ್ಯಾಸ್ ಅಂತಪ್ಪಾ. ಮೊರಾಕ್ಕೊದಿಂದ ಬಂದವರ ಮಗ, ಆದ್ರ ಡಚ್. ವೆರಿ ಪೊಲಿಟಿಕಲ್, ಯು ನೋ..."

ಡಚ್ ಅಂದದ್ದೇ ಸಾಕು, ಮುಂದಿನದು ಈರಣ್ಣನ ಕಿವಿಗೆ ಹೋಗಲೇ ಇಲ್ಲ. ಸಾಹೇಬರಿಗೆ ತಮ್ಮ ದೇಶದ ಹಾಡು, ಪಟ್ಟಿ ತಯಾರಿಸುವ ಎಚ್‌ಆರ್ ಮಹಮೂದನಿಗೆ ಅರಬ್ ಹುಡುಗ! "ನಿಮ್ಮ ದೇಶದ ಹಾಡು ಸರ್, ನನ್ನ ಮನಸ್ಸಿನ ಮಾತೂ ಇದೇ" ಎಂದು ಇಂಗ್ಲಿಷಿನಲ್ಲಿ ಬರೆದು, ಮಗಳಿಂದ ಪಡೆದ ಹಾಡಿನ ವಿಡಿಯೋವನ್ನು ಗುಂಪಿಗೆ ಒಗೆದ.

ಆಫೀಸಿನಲ್ಲಿ ಪಕ್ಕದ ಮೇಜಿನ ಮೈಸೂರಿನ ಸಚ್ಚಿದಾನಂದ ಬಿಳುಚಿಕೊಂಡು ಕೂತಿದ್ದ.

"ರೀ ಈರಣ್ಣ, ತಲೆಗಿಲೆ ಕೆಟ್ಟಿದೆಯೇನ್ರೀ? ಕೆಳಗಡೆ ಬರೋ ಇಂಗ್ಲಿಷ್ ಸಾಲು ಓದಲಿಲ್ವಾ? 'ಆಳುಗಳನ್ನ ಆಚೆ ಹಾಕಿ ಕುರ್ಚೀಲಿ ಕೂತಿದೀರಲ್ಲ, ನಾಚ್ಕೆ ಆಗಲ್ವಾ ಯಜಮಾನ್ರೇ' ಅಂತಿದಾನೆ! ಮಂತ್ರಿಗಳನ್ನ ಬೈದಿದ್ದಕ್ಕೆ ರೇಡಿಯೋದೋರೇ ಅವನ ಹಾಡು ನಿಲ್ಲಿಸಿದ್ರಂತೆ. ಮೊದಲು ಅಳಿಸ್ರೀ!"

ಅಯ್ಯೋ ಶಿವನೇ! ಈರಣ್ಣ ತಕ್ಷಣ ಅಳಿಸಿದ. ಆಗಿನ ವಾಟ್ಸಾಪಿನಲ್ಲಿ ಹಾಡು ಅವನ ಫೋನಿನಿಂದಷ್ಟೇ ಹೋಯಿತು, ಉಳಿದ ನಲವತ್ತು ಫೋನುಗಳಲ್ಲಿ ಹಾಗೇ ಇತ್ತು. ಗುಂಪಿನಿಂದ ಒಬ್ಬೊಬ್ಬರೇ ಹೊರಬೀಳತೊಡಗಿದರು. ಮೊದಲು ಹೋದವನು ಸಚ್ಚಿದಾನಂದನೇ.

ಮಧ್ಯಾಹ್ನ ಸಾಹೇಬರು ತಮ್ಮ ಕೋಣೆಗೆ ಕರೆಸಿದರು.

"ತಪ್ಪಾತ್ರೀ ಸರ, ನನಗ ಡಚ್ ತಿಳಿಯಂಗಿಲ್ರೀ..." ಗಾಬರಿಯಲ್ಲಿ ಈರಣ್ಣನಿಗೆ ಇಂಗ್ಲಿಷೇ ಮರೆತುಹೋಗಿತ್ತು.

ವಿಲ್ಲೆಮ್ ಎದ್ದು ಬಂದು ಅವನನ್ನು ತಬ್ಬಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಆ ಹುಡುಗ ಒಂದೊಂದು ಹಾಡಿಗೂ ಒಂದೊಂದು ಕಾರ್ಯಕ್ರಮ ಕಳೆದುಕೊಂಡ, ಆದರೆ ಬಾಯಿ ಮುಚ್ಚಲಿಲ್ಲ. ನಾನು ಮೂವತ್ತು ಜನರ ಅನ್ನ ಕಸಿಯುವ ಕಾಗದಕ್ಕೆ ಸಹಿ ಹಾಕಲು ಹೊರಟಿದ್ದೆ. ನಿನ್ನಿಂದ ಧೈರ್ಯ ಬಂತು, ಈರಣ್ಣ. ಸಹಿ ಹಾಕಲಿಲ್ಲ!"

ಈರಣ್ಣನಿಗೆ ಹೋದ ಜೀವ ಬಂತು. ಇಂಗ್ಲಿಷೂ ಬಂತು. "ಹಾಗಾದರೆ ಪಟ್ಟಿ ಇಲ್ಲವೇ ಸರ್?"

"ಇದೆ. ನಾನು ರಾಜೀನಾಮೆ ಕೊಟ್ಟೆ. ಇನ್ನು ಸಹಿ ಮಹಮೂದನದು." ಸಾಹೇಬರ ಮುಖ ಸಣ್ಣದಾಯಿತು. "ಪಟ್ಟಿಯಿಂದ ನಿನ್ನ ಹೆಸರನ್ನು ಎರಡು ಸಲ ನಾನೇ ತೆಗೆಸಿದ್ದೆ."

ಸಂಜೆ ಪಟ್ಟಿ ಬಂತು. ಅದರಲ್ಲಿ ಮೂವತ್ತೊಂದು ಹೆಸರಿದ್ದವು.

ಬಾಗಿಲು ತೆರೆದ ಪ್ರಿಯಾಂಕಾ ಕೇಳಿದಳು, "ಅಪ್ಪಾ, ಸಾಹೇಬ್ರಿಗೆ ಹಾಡು ಸೇರ್ತೇನು?"

"ಭಾಳ ಸೇರ್ತವ್ವಾ," ಎಂದ ಈರಣ್ಣ, ಬೂಟನ್ನೂ ಬಿಚ್ಚದೆ ಕೂತು. "ನಿನ್ನ ಪುಸ್ತಕ ಎಲ್ಲಾ ಒಂದು ಡಬ್ಬಿಗೆ ತುಂಬಿಡು."