ಬಾಣಲೆಗೆ ಬಿದ್ದ ಹಲ್ಲು

ಪ್ಯಾಕಿಂಗ್ ದಾರವನ್ನು ಕತ್ತರಿಯಿಂದ ಕತ್ತರಿಸಬೇಕು, ಹಲ್ಲಿನಿಂದಲ್ಲ. ಹಾಸಿಗೆ ಅಂಗಡಿಯ ಗೋದಾಮಿನಲ್ಲಿ ವರ್ಷಗಟ್ಟಲೆ ದುಡಿದವನಿಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕೇ? ಆದರೂ ಬೆಳಿಗ್ಗೆ ಬಂದವನೇ ಗೋದಾಮಣ್ಣ ದಾರ ಕಚ್ಚಿ ಎಳೆದ. ದಾರ ಹಾಗೇ ಉಳಿಯಿತು, ಮುಂದಿನ ಹಲ್ಲು ಅರ್ಧ ಮುರಿದು ಬಂತು.

ಮುರಿಯುವುದಕ್ಕೂ ಒಂದು ದಿನ ಬೇಡವೇ? ಅಂದೇ ಮಧ್ಯಾಹ್ನ ಯಜಮಾನರು ಎಲ್ಲರಿಗೂ ಊಟ ಹಾಕಿಸಿ, ಅಂಗಡಿಯ ಮುಂದಿನ ಕೌಂಟರಿಗೆ ಯಾರೆಂದು ಹೇಳುವವರಿದ್ದರು. "ಅಲ್ಲಿ ನಗುಮುಖದವರೇ ಬೇಕು," ಎಂದು ಮೊದಲೇ ಸಾರಿದ್ದರು. ಹಾಸಿಗೆ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದ್ದ ಗೋದಾಮಣ್ಣನಿಗೆ ಕೌಂಟರಿನ ಕುರ್ಚಿ ಕನಸಲ್ಲೂ ಕಾಣುತ್ತಿತ್ತು. ಓಡಿಹೋಗಿ ಹಲ್ಲಿಗೊಂದು ಬಿಳಿ ಟೋಪಿ ಹಾಕಿಸಿಕೊಂಡ.

"ಇದು ಸದ್ಯಕ್ಕೆ ಅಷ್ಟೇ," ಎಂದರು ಹಲ್ಲಿನ ಡಾಕ್ಟರು. "ಇವತ್ತು ಅಂಟೋದೇನಾದ್ರೂ ತಿಂದ್ರೆ ಆಮೇಲೆ ನನ್ನ ಬಯ್ಬೇಡಿ."

ಊಟ ಕೊರಿಯನ್ ಹೋಟೆಲಿನಲ್ಲಿ. ಮೇಜಿನ ನಡುವೆ ಒಲೆ, ಒಲೆಯ ಮೇಲೆ ಅಗಲವಾದ ಬಾಣಲೆ, ಅದರಲ್ಲಿ ಕೆಂಪು ಸಾಸು ಕೊತಕೊತ ಕುದಿಯುತ್ತಿತ್ತು. ಎಲ್ಲರೂ ಅದೇ ಬಾಣಲೆಯಿಂದ ಎತ್ತಿಕೊಂಡು ತಿನ್ನಬೇಕಂತೆ.

"ಇದು ತೊಕ್‌ಪೊಕ್ಕಿ. ಅಕ್ಕಿ ಹಿಟ್ಟಿಂದು, ಸ್ವಲ್ಪ ಅಂಟುತ್ತೆ," ಎಂದಳು ಬಡಿಸುವಾಕೆ. ಗೋದಾಮಣ್ಣ ನೀರಿನ ಲೋಟವನ್ನು ಹತ್ತಿರಕ್ಕೆಳೆದುಕೊಂಡ.

"ಯಾಕಣ್ಣ, ಬರೀ ನೀರು ಕುಡೀತಿದ್ದೀರಲ್ಲ?" ಎಂದು ಲೆಕ್ಕದ ಮೇಡಂ ವಿಚಾರಣೆ ಶುರುಮಾಡಿದರು. ಎದುರಿಗಿದ್ದ ಯಜಮಾನರು ಮುಂದಿನ ಚಿನ್ನದ ಹಲ್ಲು ಮಿನುಗಿಸುತ್ತ, "ತಿನ್ನಪ್ಪ, ನಾಚ್ಕೆ ಏನು? ಕೌಂಟರ್ ವಿಷ್ಯ ಊಟ ಆದ್ಮೇಲೆ ಹೇಳ್ತೀನಿ," ಎಂದರು.

ಇನ್ನು ತಿನ್ನದೆ ವಿಧಿಯಿಲ್ಲ. ಬಾಣಲೆಯ ಮೇಲೆ ಬಗ್ಗಿ ಬೆರಳುದ್ದದ ಒಂದು ತುಂಡನ್ನು ಕಚ್ಚಿದ. ಅದು ಹಿಗ್ಗಿತು, ಜಗ್ಗಿತು, ಪಟಕ್ಕನೆ ತುಂಡಾಗಿ ಬಾಣಲೆಗೆ ಬಿತ್ತು. ನಾಲಿಗೆ ಮುಂದೆ ಹೋಗಿ ನೋಡಿತು. ಟೋಪಿಯೂ ಅದರ ಜೊತೆಗೇ ಹೋಗಿತ್ತು.

ಗೋದಾಮಣ್ಣ ತುಟಿ ಬಿಗಿದ. ಯಜಮಾನರ ಚಮಚಕ್ಕೇ ಅದು ಸಿಕ್ಕಿದರೆ ಕೌಂಟರಿರಲಿ, ಗೋದಾಮೂ ಇಲ್ಲ. ಬಾಣಲೆಯಿಂದ ತುಂಡುಗಳನ್ನು ಬಟ್ಟಲಿಗೆ ಬಾಚಿಕೊಂಡು ಒಂದೊಂದನ್ನೇ ಹಿಸುಕಿ ನೋಡತೊಡಗಿದ.

"ಆಗ ನೀರು ಸಾಕು ಅಂತಿದ್ರು, ಈಗ ಬಾಣ್ಲೇನೇ ಖಾಲಿ ಮಾಡ್ತಿದ್ದಾರೆ," ಎಂದರು ಮೇಡಂ. ವ್ಯಾನಿನ ಡ್ರೈವರ್ ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕ. ಗೋದಾಮಣ್ಣ "ಹೂಂ" ಅಂದ, ಅಷ್ಟೇ.

ಅಷ್ಟರಲ್ಲಿ ಯಜಮಾನರ ಮಾತೂ ನಿಂತಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅವರೂ ಬಾಣಲೆಯನ್ನೇ ದಿಟ್ಟಿಸತೊಡಗಿದರು, ಚಮಚದಿಂದ ತಳ ಕೆದಕತೊಡಗಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇವರಿಗೆ ಗೊತ್ತಾಗಿಹೋಗಿದೆ ಎಂದು ಗೋದಾಮಣ್ಣನೂ ಅವಸರದಿಂದ ಚಮಚ ಹಾಕಿ ಕೆದಕಿದ. ಇಬ್ಬರ ಚಮಚಗಳೂ ಬಾಣಲೆಯಲ್ಲಿ ಡಿಕ್ಕಿ ಹೊಡೆದವು.

"ಉಳಿದಿದ್ದಕ್ಕೆ ಅನ್ನ ಹಾಕಿ ಹುರಿದು ಕೊಡ್ಲಾ?" ಎಂದು ಬಡಿಸುವಾಕೆ ಬಂದಳು. ಇಬ್ಬರೂ ಬಾಯಿ ಬಿಡದೆ, ಬೇಡ ಬೇಡವೆಂದು ಕೈಯಾಡಿಸಿದರು.

ಆಗಲೇ ಗೋದಾಮಣ್ಣನ ಚಮಚಕ್ಕೆ ಏನೋ ಟಣ್ಣೆಂದು ತಗುಲಿತು. ಬದುಕಿದೆ ಎಂದುಕೊಂಡು ಸಾಸಿನ ಸಮೇತ ಬಾಯಿಗೆ ಸುರಿದುಕೊಂಡ. ತುಟಿ ತೆರೆಯದೆ, ನಾಲಿಗೆಯಿಂದಲೇ ತಳ್ಳಿ, ಅಂಟು ಹಿಟ್ಟನ್ನೇ ಗೋಂದು ಮಾಡಿ ಕೂರಿಸಿದ. ಸ್ವಲ್ಪ ಬಿಗಿ ಎನಿಸಿತು. ಇರಲಿ, ಸಿಕ್ಕಿತಲ್ಲ.

"ಯಜಮಾನ್ರೇ, ಕೌಂಟರ್ ವಿಷ್ಯ ಹೇಳ್ಲೇ ಇಲ್ವಲ್ಲ?" ಎಂದ ಡ್ರೈವರ್.

ಇದೇ ಸಮಯವೆಂದು ಗೋದಾಮಣ್ಣ ಯಜಮಾನರತ್ತ ತಿರುಗಿ, ಇಷ್ಟು ಹೊತ್ತು ಕೂಡಿಟ್ಟ ನಗುವನ್ನೆಲ್ಲ ಒಟ್ಟಿಗೆ ನಕ್ಕ.

"ಅಣ್ಣ," ಎಂದರು ಮೇಡಂ ಮೆಲ್ಲಗೆ, "ನಿಮ್ಗೆ ಚಿನ್ನದ ಹಲ್ಲು ಯಾವಾಗ ಬಂತು?"

ಯಜಮಾನರು ಕರವಸ್ತ್ರ ತೆಗೆದರು. ಚಿನ್ನ ಮಿನುಗುತ್ತಿದ್ದ ಜಾಗದಲ್ಲಿ ಕಿಟಕಿ ತೆರೆದಿತ್ತು.

ಮೇಡಂ ತಮ್ಮ ಬಟ್ಟಲಿನಿಂದ ಬಿಳಿಯದೊಂದನ್ನು ಚಮಚದಲ್ಲಿ ಎತ್ತಿದರು. "ಹಾಗಾದ್ರೆ ಇದ್ಯಾರ್ದು?"

ಯಜಮಾನರು ಗೋದಾಮಣ್ಣನ ಮುಂದೆ ಅಂಗೈ ಚಾಚಿದರು. ಅವನು ತಲೆತಗ್ಗಿಸಿ ಚಿನ್ನವನ್ನು ಕಿತ್ತು ಅಂಗೈಯಲ್ಲಿಟ್ಟ. ಅವರು ಅದನ್ನು ಒರೆಸಿ ಜೇಬಿಗೆ ಹಾಕಿಕೊಂಡು, ಡ್ರೈವರ್ ಕಡೆ ಬೆರಳು ತೋರಿಸಿದರು.

"ನಾಳೆಯಿಂದ ಕೌಂಟರಿಗೆ ಇವ್ನೇ. ಇವ್ನ ಬಾಯಲ್ಲಿರೋದೆಲ್ಲ ಇವ್ನದೇ."