ನನ್ನ ಬಲಗಣ್ಣಿಗೆ ಬಿದ್ದ ಲೋಳೆಮೀನಿನವರಿಗೆ

ಕಡಲಿನಲ್ಲಿ ಪಾರದರ್ಶಕ ಆಡಳಿತಕ್ಕೆ ಹೆಸರಾದ ಮಾನ್ಯ ಲೋಳೆಮೀನಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಬಂದರಿನ ಬೀದಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೈಗಡಿಯಾರ ರಿಪೇರಿ ಮಾಡಿಕೊಂಡಿರುವ ನಾನು, ತಮಗೆ ದೂರದಿಂದಲೇ ತಲೆಬಾಗಿ ವಂದಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಎರಡು ತಿಂಗಳ ಹಿಂದಿನ ಒಂದು ಭಾನುವಾರ ಮೀನುಗಾರನಾದ ನನ್ನ ಭಾವಮೈದುನ ಬಲೆ ಕೊಡವಲು ನನ್ನನ್ನು ದಡಕ್ಕೆ ಕರೆದಿದ್ದ. ತಾವು ಅಷ್ಟರಲ್ಲಾಗಲೇ ಬಲೆಯೊಳಗೆ ಚೂರುಚೂರಾಗಿ ದಿವಂಗತರಾಗಿದ್ದಿರಿ. ಆದರೂ ನಾವು ಬಲೆ ಒದರಿದೊಡನೆ ದಾರದಂಥ ತಮ್ಮದೊಂದು ತುಣುಕು ಹಾರಿಬಂದು ನನ್ನ ಬಲಗಣ್ಣಿಗೆ ಅಂಟಿತು. ಬದುಕಿದ್ದಾಗಲೇ ಕೆಲಸ ಮಾಡದ ಎಷ್ಟೋ ಅಧಿಕಾರಿಗಳನ್ನು ಕಂಡಿದ್ದೇನೆ. ಮಿದುಳಿಲ್ಲದೆ, ಬೆನ್ನುಮೂಳೆಯಿಲ್ಲದೆ, ಸತ್ತ ಮೇಲೂ ಕರ್ತವ್ಯ ಬಿಡದವರು ತಾವೊಬ್ಬರೇ.

ಕಣ್ಣಿಗೆ ಕೆಂಡ ಬಿದ್ದಂತಾಯಿತು. "ಉಜ್ಜಬೇಡಿ ಭಾವಾ!" ಎಂದು ಅವನು ಕೂಗುವಷ್ಟರಲ್ಲಿ ನಾನು ಉಜ್ಜಿಯಾಗಿತ್ತು. ತಾವು ಬಿಟ್ಟುಹೋದ ಎಳೆಗಳನ್ನು ಕಣ್ಣಿನ ಡಾಕ್ಟರು ಒಂದೊಂದಾಗಿ ಬಿಡಿಸಿ ತೆಗೆದು, "ನೋವು ಹೋಗುತ್ತೆ. ಪಾಪೆ ಮಾತ್ರ ಅಗಲವಾಗೇ ಉಳೀಬಹುದು, ಎಷ್ಟು ದಿನ ಅಂತ ಹೇಳಕ್ಕಾಗಲ್ಲ. ಅಲ್ಲೀವರೆಗೆ ಆ ಕಣ್ಣಿಗೆ ಬೆಳಕಲ್ಲಿ ಎಲ್ಲಾ ಹರಡಿಕೊಂಡು ದೊಡ್ಡದಾಗಿ ಕಾಣುತ್ತೆ" ಎಂದರು. ಹಾಗೆಯೇ ಆಯಿತು. ನನ್ನ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚಿದ ತಮ್ಮ ನ್ಯಾಯಪರತೆಗೆ ಏನೆನ್ನಲಿ?

ಭೂತಗನ್ನಡಿ ಸಿಕ್ಕಿಸಿಕೊಳ್ಳುವುದು ನನ್ನ ಬಲಗಣ್ಣಿಗೇ. ಈಗ ದೀಪ ಹಚ್ಚಿದರೆ ಚಕ್ರದ ಹಲ್ಲುಗಳೆಲ್ಲ ಕಲೆತು ಬೆಳಕಿನ ಉಂಡೆಯಾಗುತ್ತವೆ. ಮೂರನೆಯ ವಾರ ಕೂದಲಿನಂಥ ಒಂದು ಸ್ಪ್ರಿಂಗ್ ಕೈಜಾರಿತು. ನೆಲದ ಮೇಲೆ ಮಂಡಿಯೂರಿ ತಡಕಾಡುತ್ತಿದ್ದ ನನ್ನ ಎರಡು ಕಣ್ಣುಗಳೂ ಔಷಧದ ಹನಿಯಿಲ್ಲದೆಯೇ ಒದ್ದೆಯಾದವು. ಧೂಳು ಏಳುತ್ತದೆಂದು ಇಷ್ಟು ವರ್ಷ ನಾನು ಮೇಜಿನ ಹತ್ತಿರವೂ ಬಿಟ್ಟುಕೊಳ್ಳದ ನನ್ನ ಹೆಂಡತಿ ಆಗ ಸ್ಪ್ರಿಂಗನ್ನು ಹೆಕ್ಕಿ, ನನ್ನ ಕುರ್ಚಿಯಲ್ಲಿ ಕುಳಿತು, "ಏಳಿ ಮೇಲೆ. ಎಲ್ಲಿ ಕೂರಿಸ್ಬೇಕು ಹೇಳಿ, ನಾನು ಕೂರಿಸ್ತೀನಿ" ಎಂದಳು. ನಾನು ಹೇಳಿದೆ, ಅವಳು ಕೂರಿಸಿದಳು, ಗಡಿಯಾರ ನಡೆಯಿತು. ಅವಳ ಕೈ ನನ್ನ ಕೈಯಷ್ಟು ನಡುಗುವುದಿಲ್ಲವೆಂಬುದು ಅಂದೇ ನನಗೆ ತಿಳಿದದ್ದು.

ಆದಕಾರಣ ತಾವು ಇನ್ನು ಮುಂದೆ ಬಲೆಗೆ ಬೀಳುವ ಮುನ್ನ ಮೈಗೆ ಕೆಂಪು ಬಣ್ಣ ಬಳಿದುಕೊಳ್ಳಬೇಕೆಂದೂ, ತಾವು ತೀರಿಕೊಂಡ ಸಂಗತಿಯನ್ನು ತಮ್ಮ ಎಳೆಗಳಿಗೆಲ್ಲ ಕೂಡಲೇ ಲಿಖಿತವಾಗಿ ತಿಳಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಒಂದೂವರೆ ಕಣ್ಣಿನಿಂದ ತಮ್ಮನ್ನು ಎದುರುನೋಡದ,
ತಮ್ಮ ವಿಶ್ವಾಸಿ,
ಗಡಿಯಾರದಂಗಡಿಯವನು

ತಾ.ಕ.: ಅಂಗಡಿಯ ಬೋರ್ಡಿಗೆ ಹೆಂಡತಿಯ ಹೆಸರೂ ಬಂದಿದೆ. ಅದನ್ನು ನನ್ನ ಹೆಸರಿಗಿಂತ ದೊಡ್ಡದಾಗಿ ಬರೆಸಿದ್ದೀಯಲ್ಲ ಎಂದರೆ, "ಡಾಕ್ಟರು ಹೇಳಿಲ್ವಾ, ನಿಮಗೆ ಇನ್ನು ಕೆಲವು ದಿನ ಹಾಗೇ ಕಾಣುತ್ತೆ" ಎನ್ನುತ್ತಾಳೆ.