ರಾಕ್ಷಸರಾಜನ ಜಾಗಟೆ

ಯುದ್ಧವೆಂಬುದು ಮನುಷ್ಯಕುಲಕ್ಕೆ ಅಂಟಿಕೊಂಡು ಬಂದ ಅತ್ಯಂತ ಹಳೆಯ ಶಾಪ. ಅದರಲ್ಲಿ ಗೆದ್ದವನೂ ಸೋಲುತ್ತಾನೆ, ಸೋತವನೂ ಸೋಲುತ್ತಾನೆ, ಕೊನೆಗೆ ಉಳಿಯುವುದು ಬೂದಿ ಮಾತ್ರ ಎಂದು ಬಲ್ಲವರು ಹೇಳುತ್ತಾರೆ. ಈ ಮಾತಿನ ನಡುವಿನ ಭಾಗವನ್ನು ನಾನು ಸ್ವಂತ ಅನುಭವದಿಂದ ದೃಢೀಕರಿಸಬಲ್ಲೆ. ಕಾಣಿಯೂರಿನ ನಮ್ಮ ಮನೆಯ ಚಾವಡಿಯಲ್ಲಿ, ಬಲಗಾಲನ್ನು ದಿಂಬಿನ ಮೇಲಿಟ್ಟುಕೊಂಡು, ಸೊಸೆಯ ಲ್ಯಾಪ್‌ಟಾಪಿನೊಳಗೆ ನಾನು ಮಳೆ ಬಿಡದ ಆಟಿ ತಿಂಗಳಿಡೀ ಸೋತಿದ್ದೇನೆ. ಬೂದಿಯೇನೂ ಉಳಿಯಲಿಲ್ಲ. ಪ್ರತಿ ಸಲವೂ ‘ಇನ್ನೊಮ್ಮೆ ಆಡುವಿರಾ?’ ಎಂದು ಕೇಳುವ ಒಂದು ಹಸಿರು ಗುಂಡಿ ಉಳಿಯುತ್ತಿತ್ತು.

ಕಾಲಿನ ವಿಚಾರ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದದ್ದು. ಅದೇ ಅಂಗಳದಲ್ಲಿ ಅರ್ಧ ಗಂಟೆ ಮೊದಲು ನಾನು ನನ್ನ ಹೆಂಡತಿ ಸರೋಜಳಿಗೆ, “ಪಾಚಿ ಉಂಟು, ಜಾಗ್ರತೆ” ಎಂದು ಎಚ್ಚರಿಕೆ ಕೊಟ್ಟಿದ್ದೆ. ಈ ವಿವರವನ್ನು ಅವಳು ನೋಡಲು ಬಂದ ಒಬ್ಬೊಬ್ಬರಿಗೂ ಬೆಲ್ಲ ನೀರಿನ ಜೊತೆಗೇ ಕೊಟ್ಟಳು. ಪುತ್ತೂರಿನ ಡಾಕ್ಟರು ಪಾದವನ್ನು ಒತ್ತಿ “ನೋವು ಹೇಗುಂಟು?” ಎಂದು ಕೇಳಿದಾಗ ನಾನು “ಅಡ್ಡಿಯಿಲ್ಲ” ಎಂದೆ. ಅವರು ಇನ್ನೂ ಜೋರಾಗಿ ಒತ್ತಿದರು. ನಮ್ಮ ಕಡೆಯವರ ಬಹುಪಾಲು ಕಷ್ಟಗಳು ಈ ‘ಅಡ್ಡಿಯಿಲ್ಲ’ದಿಂದಲೇ ಬಂದಿರುವುದು. ಅದರ ಬಗ್ಗೆ ಮುಂದೆ ಹೇಳಲಿಕ್ಕುಂಟು.

ನಾನು ಪುತ್ತೂರಿನಲ್ಲಿ ಜನರಿಗೆ ದಸ್ತಾವೇಜು ಬರೆದುಕೊಡುತ್ತಾ ಜೀವನ ಸವೆಸಿದವನು. ಹಗಲು ಜಾಗದ ಕ್ರಯಪತ್ರ, ಪಾಲುಪಟ್ಟಿ. ವಾರಕ್ಕೊಮ್ಮೆ ಸಂಜೆ ತಾಳಮದ್ದಳೆ. ವೇಷವಿಲ್ಲದೆ, ಕುಣಿತವಿಲ್ಲದೆ, ಪಂಚೆ ಉಟ್ಟು ಕುಳಿತು ಬರೀ ಮಾತಿನಿಂದಲೇ ಯುದ್ಧ ಮಾಡುವ ಕಲೆ ಅದು. ಭಾಗವತರು ಪದ ಹೇಳುತ್ತಾರೆ, ನಾವು ಅರ್ಥ ಹೇಳುತ್ತೇವೆ. ನಮ್ಮ ಸಂಘದಲ್ಲಿ ರಾಜನ ಪಾತ್ರ ಕಂಠವಿರುವವರಿಗೆ, ಖಳನ ಪಾತ್ರ ಮೀಸೆಯಿರುವವರಿಗೆ ಹೋಗುತ್ತಿತ್ತು. ಎರಡೂ ಇಲ್ಲದ ನನಗೆ ಯಾವಾಗಲೂ ದೂತನ ಪಾತ್ರ. ಆದರೆ ದೂತನನ್ನು ನಾನು ಹಗುರವಾಗಿ ಕಂಡವನಲ್ಲ. ಶತ್ರುವಿನ ಸಭೆಗೆ ಹೋದರೆ ಅವನ ಕುಲ, ನನ್ನ ರಾಜನ ಕುಲ, ಶಾಂತಿಯ ಲಾಭ, ದಾರಿಯಲ್ಲಿ ಕಂಡ ಪ್ರಕೃತಿ, ಯಾವುದನ್ನೂ ಬಿಡುತ್ತಿರಲಿಲ್ಲ. ಕೊನೆಗೆ ಭಾಗವತರು ಜಾಗಟೆಗೆ ಒಂದು ಪೆಟ್ಟು ಕೊಟ್ಟು ಮುಂದಿನ ಪದ ಎತ್ತುತ್ತಿದ್ದರು. ಆ ಪೆಟ್ಟು ಬೀಳುವಾಗ ನಾನು ಸಾಮಾನ್ಯವಾಗಿ ಒಂದು ವಾಕ್ಯದ ನಡುವೆ ಇರುತ್ತಿದ್ದೆ.

ಈಗ ಸೊಸೆಯ ವಿಚಾರಕ್ಕೆ ಬರುತ್ತೇನೆ. ಚೈತ್ರ ಕಡಬದ ಒಂದು ಕಾಲೇಜಿನಲ್ಲಿ ಲೆಕ್ಕ ಕಲಿಸುವವಳು. ಬೇರೆಯವರಿಗೆ ಹಪ್ಪಳ ಮಾಡುವ, ಹೊಲಿಯುವ ಹವ್ಯಾಸವಿರುವ ಹಾಗೆ ಇವಳಿಗೆ ರಾಜ್ಯಗಳನ್ನು ಕಟ್ಟುವ ಹವ್ಯಾಸ. ಕಂಪ್ಯೂಟರಿನಲ್ಲಿ ಒಂದು ಆಟವಿದೆಯಂತೆ. ಅದರಲ್ಲಿ ರಾಜರು, ರಾಕ್ಷಸರು, ಮಂತ್ರವಾದಿಗಳು. ಒಂದು ಸರದಿ ನಮ್ಮದು, ಒಂದು ಸರದಿ ಶತ್ರುವಿನದು, ಚದುರಂಗದ ಹಾಗೆ. ವಿಶೇಷವೆಂದರೆ ಆಡುವವರೇ ತಮಗೆ ಬೇಕಾದ ಹೊಸ ರಾಜ್ಯದ ನಕ್ಷೆ ಬರೆದು, ಗುಡ್ಡೆ ಹೊಳೆ ಸೈನ್ಯ ಎಲ್ಲವನ್ನೂ ಇಟ್ಟು, ಲೋಕದ ಬೇರೆ ಆಟಗಾರರಿಗೆ ಆಡಲಿಕ್ಕೆ ಕೊಡಬಹುದು. ಚೈತ್ರಳ ಮೊದಲ ನಕ್ಷೆಗೆ ಯಾರೋ ಪರದೇಶದವನು ‘ಮಕ್ಕಳ ಆಟ’ ಎಂದು ಬರೆದನಂತೆ. ಆ ದಿನ ಅವಳ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಎರಡನೆಯ ನಕ್ಷೆ ಅವಳಿಗೆ ಹೊಳೆದದ್ದು ನೆಟ್ಟಣದ ಸ್ಟೇಷನ್ನಿನಲ್ಲಿ, ತಡವಾದ ರೈಲಿಗೆ ಕಾಯುತ್ತಾ ಎದುರಿನ ಗುಡ್ಡೆಗಳನ್ನು ನೋಡುತ್ತಾ ಕುಳಿತಿದ್ದಾಗ. ಮೇಲೆ ಗುಡ್ಡೆಯ ತುದಿಯಲ್ಲಿ ಕಲ್ಲುರಾಕ್ಷಸರ ಕೋಟೆ. ಕೆಳಗೆ ತುಂಬಿದ ಹೊಳೆ, ಅದಕ್ಕೊಂದು ಸೇತುವೆ. ಸ್ವಲ್ಪ ಕೆಳಗಡೆ ಇಳಿದು ದಾಟಬಹುದಾದ ಒಂದು ಕಡವು, ಅಲ್ಲಿಯೂ ರಾಕ್ಷಸರ ಕಾವಲು. ಹೊಳೆಯ ಈಚೆ ನಮ್ಮ ಬಡ ರಾಜ್ಯ. ಅವಳು ಹೆಮ್ಮೆಯಿಂದ ತೋರಿಸಿದಾಗ ನಾನು ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ, “ಇದರ ಚಕ್ಕುಬಂದಿ ಎಲ್ಲುಂಟು? ಪೂರ್ವಕ್ಕೆ ಯಾರ ಜಾಗ?”

“ಪೂರ್ವಕ್ಕೆ ಡ್ರ್ಯಾಗನ್ ಉಂಟು ಮಾವ.”

“ಅವನ ಒಪ್ಪಿಗೆ ಆಗಿದ್ಯಾ?”

“ನಿಮ್ಮನ್ನು ಕೇಳಿದ್ದು ನನ್ನ ತಪ್ಪು” ಎಂದು ನಕ್ಕಳು. ಮತ್ತೆ ಕೇಳಿದಳು, “ಒಟ್ಟು ಹೇಗುಂಟು?”

“ಅಡ್ಡಿಯಿಲ್ಲ” ಎಂದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಮುಖ ನೋಡಿ ಅಭಿಪ್ರಾಯ ಹೇಳುವ ಪದ್ಧತಿಯಿಲ್ಲ. ಮದುವೆ ಊಟದ ಪಾಯಸ ಅಮೃತದ ಹಾಗಿದ್ದರೂ ‘ಅಡ್ಡಿಯಿಲ್ಲ’, ತಳ ಹಿಡಿದಿದ್ದರೂ ‘ಅಡ್ಡಿಯಿಲ್ಲ’. ತಾಳಮದ್ದಳೆ ಮುಗಿದ ಮೇಲೆ ಯಾರಾದರೂ ಬಂದು “ನಿಮ್ಮ ಶಾಲು ಲಾಯ್ಕುಂಟು” ಎಂದರೆ ಮಾತು ಹೇಗಿತ್ತೆಂದು ಅರ್ಥವಾಯಿತಲ್ಲ. ಹೊಗಳಿದರೆ ಹೊಗಳಿಸಿಕೊಂಡವನು ಉಬ್ಬಿಹೋದಾನೆಂಬ ಭಯ, ತೆಗಳಿದರೆ ನಾಳೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಸಿಕ್ಕಾನೆಂಬ ಭಯ. ಆದರೆ ಲೋಕದ ಬೇರೆ ಭಾಗದ ಜನರಿಗೆ ಕಾಣಿಯೂರಿನ ಬಸ್ಸು ಹತ್ತುವ ಹಂಗಿಲ್ಲ. ಅವರು ಬರೆದದ್ದನ್ನು ಚೈತ್ರ ಕಾಪಿ ಕುಡಿಯುವಾಗ ಕನ್ನಡ ಮಾಡಿ ಓದುತ್ತಿದ್ದಳು. ಒಬ್ಬ, ‘ಇದು ಆಟವಲ್ಲ, ಶಿಕ್ಷೆ.’ ಇನ್ನೊಬ್ಬ, ‘ಸೇತುವೆ ದಾಟಿದವರನ್ನು ತೋರಿಸಿದರೆ ಅವರ ಕಾಲಿಗೆ ಬೀಳುತ್ತೇನೆ.’ ಮಂಗಳೂರಿನ ಒಬ್ಬ ಹುಡುಗ ತುಂಬ ಆಲೋಚಿಸಿ ತಂತ್ರ ಬರೆದಿದ್ದ: ಬಿಲ್ಲಾಳುಗಳನ್ನು ಎಡದ ದಿಬ್ಬದಲ್ಲಿಡಿ, ಮಂತ್ರವಾದಿಯನ್ನು ಉಳಿಸಿ, ಆತುರ ಬೇಡ. ಆ ತಂತ್ರದಲ್ಲಿ ಆಡಿ ಅವನೂ ಸೋತಿದ್ದ.

ಮೊದಮೊದಲು ಚೈತ್ರಳಿಗೆ ಇದು ಖುಷಿಯೇ ಆಗಿತ್ತು. ಮಕ್ಕಳ ಆಟವೆಂದವರ ಬಾಯಿ ಮುಚ್ಚಿತಲ್ಲ! ಆಮೇಲೆ ನಿಯಮವೊಂದು ಎದುರಾಯಿತು. ನಕ್ಷೆಗಳನ್ನು ಸಂಗ್ರಹಿಸಿಡುವವರು ಹೇಳಿದ್ದೇನೆಂದರೆ, ಮಾಡಿದವರಲ್ಲದೆ ಬೇರೆ ಒಬ್ಬರಾದರೂ ಗೆದ್ದು, ಹೇಗೆ ಗೆದ್ದೆನೆಂದು ಬರೆಯಬೇಕು. ತಿಂಗಳ ಕೊನೆಯೊಳಗೆ ಯಾರೂ ಗೆಲ್ಲದಿದ್ದರೆ ನಕ್ಷೆಯನ್ನು ತೆಗೆದುಹಾಕುತ್ತಾರೆ. ಗೆಲ್ಲಲಾಗದ ಆಟ ಆಟವೇ ಅಲ್ಲವೆಂಬುದು ಅವರ ವಾದ. ಚೈತ್ರ ಅದನ್ನು ಓದಿ ಲೋಟ ಕೆಳಗಿಟ್ಟಳು.

“ಅಷ್ಟು ಕಷ್ಟಪಟ್ಟದ್ದು ಸುಮ್ಮನೆ ಆಗ್ತದೆ ಮಾವ. ಸುಲಭ ಮಾಡಿದ್ರೆ ನಗ್ತಾರೆ, ಕಷ್ಟ ಮಾಡಿದ್ರೆ ಕಿತ್ತು ಬಿಸಾಡ್ತಾರೆ.”

“ನಾನು ಆಡ್ತೇನೆ” ಎಂದೆ. ಬಾಯಿ ತಪ್ಪಿ ಬಂದದ್ದು.

ಒಳಗಿಂದ ಸರೋಜ ಹೇಳಿದಳು, “ಆಡ್ಲಿ ಬಿಡು ಚೈತ್ರ. ಬಿದ್ದವರಿಗೆ ಸೋಲು ಹೊಸತಲ್ಲ.”

ಹೀಗೆ ನನ್ನ ದಂಡಯಾತ್ರೆ ಶುರುವಾಯಿತು. ಮೊದಲ ಸಲ ನನ್ನ ಸೈನ್ಯ ಸೇತುವೆಯ ಅರ್ಧಕ್ಕೆ ಬರುವುದರೊಳಗೆ ಮುಗಿಯಿತು. ಎರಡನೆಯ ಸಲ ಅರ್ಧಕ್ಕೂ ಬರಲಿಲ್ಲ. ಮೌಸಿನ ಗುಂಡಿ ತಪ್ಪಿ ಒತ್ತಿ ನನ್ನ ಮಂತ್ರವಾದಿಯನ್ನೇ ಹೊಳೆಗೆ ಇಳಿಸಿದ್ದೂ ಉಂಟು. ಈ ಸೋಲುಗಳ ನಡುವೆ ನನ್ನ ಮನಸ್ಸನ್ನು ಒಂದು ವಿಷಯ ಕೊರೆಯತೊಡಗಿತು. ನಾವು ಹೇಳದೆ ಕೇಳದೆ ಇನ್ನೊಬ್ಬನ ಸೇತುವೆ ಹತ್ತುವುದು ಯಾವ ನ್ಯಾಯ? ಯಾವ ಪ್ರಸಂಗದಲ್ಲಿಯೂ ಯುದ್ಧಕ್ಕೆ ಮೊದಲು ಸಂಧಾನವುಂಟು. ನೋಡಿದರೆ ನಮ್ಮ ಸೈನ್ಯದ ಪಟ್ಟಿಯ ಕೊನೆಯಲ್ಲಿ ಬಿಳಿ ಬಾವುಟ ಹಿಡಿದ ಒಬ್ಬ ಬಡಕಲು ಮನುಷ್ಯ ನಿಂತಿದ್ದ. ಕೆಳಗೆ ‘ದೂತ’ ಎಂದಿತ್ತು.

“ಇವನನ್ನು ಯಾರೂ ಕಳ್ಸುದಿಲ್ವಾ?” ಎಂದು ಚೈತ್ರಳನ್ನು ಕೇಳಿದೆ.

“ಇಲ್ಲ ಮಾವ. ಅವನನ್ನು ತೆಗೊಂಡ್ರೆ ಒಬ್ಬ ಈಟಿಯಾಳು ಕಮ್ಮಿ ಆಗ್ತಾನೆ. ಎಲ್ಲರೂ ಅವನನ್ನು ದಂಡ ಅಂತಾರೆ.” ಸ್ವಲ್ಪ ತಡೆದು ಸೇರಿಸಿದಳು, “ಅದು ನಿಮ್ಮ ನೆನಪಿಗೆ ಇಟ್ಟದ್ದು. ದೂತನನ್ನು ಕೊಲ್ಲಬಾರ್ದು, ಅವನು ಮಾತಾಡುವಾಗ ರಾಜ ಕೇಳ್ಬೇಕು ಅಂತ ನೀವೇ ಅಲ್ವಾ ಯಾವಾಗ್ಲೂ ಹೇಳುದು?”

ಇಷ್ಟು ಕಾಲ ಇಷ್ಟು ಸಭೆಗಳಲ್ಲಿ ಮಾತಾಡಿದ್ದೇನೆ, ಒಬ್ಬರು ಕೇಳಿಸಿಕೊಂಡಿದ್ದರು ಎಂದು ಆ ದಿನವೇ ಗೊತ್ತಾದದ್ದು.

ಮರುದಿನ ಅವಳು ಕಾಲೇಜಿಗೆ ಹೋದ ಮೇಲೆ ದೂತನನ್ನು ಸೇತುವೆಗೆ ಕಳುಹಿಸಿದೆ. ರಾಕ್ಷಸರಾಜ ಕೋಟೆಯಿಂದ ಇಳಿದು ಬಂದು ಎದುರು ನಿಂತ. ಅವನ ಸರದಿ ಪೂರ್ತಿ ಕೇಳುವುದರಲ್ಲಿ ಹೋಯಿತು. ರಾಜ ಮಾತುಕತೆಯಲ್ಲಿದ್ದಾಗ ಅವನ ಸೈನ್ಯ ಕದಲುವಂತಿಲ್ಲ. ಕಡವಿನ ಕಾವಲುಗಾರರೂ ಗೊಂಬೆಗಳ ಹಾಗೆ ನಿಂತರು. ಮುಂದಿನ ಸರದಿಯಲ್ಲಿ ದೂತ ಪುನಃ ಮಾತು ಶುರು ಮಾಡಿದ. ರಾಜ ಪುನಃ ಕೇಳಿದ. ನಾನು ದಿಂಬು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ. ನನ್ನ ಜೀವನದಲ್ಲಿ ಇಂಥ ಪ್ರೇಕ್ಷಕ ಸಿಕ್ಕಿದ್ದಿಲ್ಲ. ಎಲೆ ಅಡಿಕೆಗೆಂದು ಎದ್ದು ಹೋಗುವುದಿಲ್ಲ, ಆಕಳಿಸುವುದಿಲ್ಲ, ಜಾಗಟೆಯವನಂತೂ ಇಲ್ಲವೇ ಇಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳುವುದಕ್ಕೆ ಸ್ವಲ್ಪ ನಾಚಿಕೆಯೇ. ದಸ್ತಾವೇಜು ಬರೆಯುವ ಕಾಲದಲ್ಲಿ ಇಂಥದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಎದುರಿನ ಜಗಲಿಯಲ್ಲಿ ದೊಡ್ಡವರು ಕುಳಿತು, “ನಾವು ನೆರೆಕರೆಯವರು ಮಾರಾಯ್ರೆ, ಜಗಳ ಎಂತಕ್ಕೆ?” ಎಂದು ರಾಜಿ ಮಾತಾಡುತ್ತಿರುತ್ತಾರೆ. ಅದೇ ಹೊತ್ತಿಗೆ ಹಿಂದಿನ ಗಡಿಯಲ್ಲಿ ಬೇಲಿಯ ಗೂಟ ಸದ್ದಿಲ್ಲದೆ ಒಂದು ಕೋಲಿನಷ್ಟು ದೂರ ಆಚೆ ಸರಿದಿರುತ್ತದೆ. ಅಂಥವರನ್ನು ನಾನು ಮನಸ್ಸಿನಲ್ಲೇ ಬಯ್ಯುತ್ತಿದ್ದೆ. ಈಗ ಸೇತುವೆಯ ಮೇಲೆ ನನ್ನ ದೂತ ಶಾಂತಿಯ ಮಹಿಮೆ ವರ್ಣಿಸುತ್ತಿದ್ದಂತೆ ನನ್ನ ಸೈನ್ಯ ಇಡೀ ಕಡವು ದಾಟಿ, ಗೊಂಬೆಯಂತೆ ನಿಂತ ಕಾವಲುಗಾರರ ಪಕ್ಕದಿಂದಲೇ ಗುಡ್ಡೆ ಹತ್ತಿ, ಹಿತ್ತಿಲ ಬಾಗಿಲಿನಿಂದ ಕೋಟೆಗೆ ನುಗ್ಗಿತು. ರಾಕ್ಷಸರಾಜ ಕೊನೆಯವರೆಗೂ ತಲೆಬಾಗಿ ನನ್ನ ಮಾತನ್ನೇ ಕೇಳುತ್ತಿದ್ದ. ತೆರೆಯ ಮೇಲೆ ‘ಜಯ’ ಎಂದು ಬಂತು. ಅವನ ಮುಖ ನೋಡಲಿಕ್ಕೆ ನನಗಾಗಲಿಲ್ಲ.

ಸಂಜೆ ಬಂದ ಚೈತ್ರ ತೆರೆಯನ್ನು ನೋಡಿ ಚಪ್ಪಾಳೆ ತಟ್ಟಿದಳು. “ಅತ್ತೆ, ಬನ್ನಿ ಇಲ್ಲಿ! ಮಾವ ಗೆದ್ರು!” ಸರೋಜ ಸೌಟು ಹಿಡಿದೇ ಬಂದು ನೋಡಿ, “ಯಾರ ಹತ್ರ ಆಡ್ಸಿದ್ದು?” ಎಂದಳು.

“ಹೇಗೆ ಮಾವ? ಹೇಳಿ, ಈಗ್ಲೇ ಬರಿತೇನೆ” ಎಂದು ಚೈತ್ರ ಬ್ಯಾಗನ್ನೂ ಇಳಿಸದೆ ಕುಳಿತಳು. “ಆದ್ರೆ ಮೊದಲು ಸರಿಯಾಗಿ ಹೇಳ್ಬೇಕು, ನಕ್ಷೆ ಹೇಗುಂಟು ಅಂತ. ‘ಅಡ್ಡಿಯಿಲ್ಲ’ ಹೇಳ್ಬೇಡಿ.”

ನನ್ನ ಬಾಯಿಗೆ ಅದೇ ಬಂದಿತ್ತು. ‘ಅಡ್ಡಿಯಿಲ್ಲ, ಎಡದ ದಿಬ್ಬದಿಂದ ಹೋದೆ’ ಎಂದಿದ್ದರೆ ನಕ್ಷೆ ಉಳಿಯುತ್ತಿತ್ತು, ಅವಳ ಮುಖದ ಆ ಬೆಳಕೂ ಉಳಿಯುತ್ತಿತ್ತು. ಆದರೆ ಎಂದಾದರೂ ಯಾರಾದರೂ ದೂತನನ್ನು ಕಳುಹಿಸದೆ ಇರುವುದಿಲ್ಲ. ಆಗ ಅವನು ಬರೆಯುವ ಮಾತು ‘ಮಕ್ಕಳ ಆಟ’ಕ್ಕಿಂತ ಕೆಟ್ಟದಾಗಿರುತ್ತದೆ. ಅವಳು ನನ್ನ ಮಾತನ್ನು ಪ್ರೀತಿಯಿಂದ ಇಟ್ಟ ಜಾಗವೇ ಅವಳ ಕೋಟೆಯ ತೂತಾಗಿತ್ತು. ಅದನ್ನು ನಾನಲ್ಲದೆ ಯಾರು ಹೇಳಬೇಕು?

“ಅಡ್ಡಿ ಉಂಟು” ಎಂದೆ. ಬಹುಶಃ ಹುಟ್ಟಿದ ಮೇಲೆ ಮೊದಲ ಸಲ.

ನಡೆದದ್ದೆಲ್ಲವನ್ನೂ ಹೇಳಿದೆ. ಅವಳು ಬ್ಯಾಗು ಇಳಿಸಿದಳು. ಒಳಗೆ ಹೋಗಿ ಮುಖ ತೊಳೆದು ಬಂದು ತೆರೆಯ ಮುಂದೆ ಕುಳಿತಳು.

“ದೂತನನ್ನೇ ತೆಗಿತೇನೆ” ಎಂದಳು, ನನ್ನ ಮುಖ ನೋಡದೆ.

“ಅವನನ್ನು ತೆಗಿಬೇಡ. ಅವನ ತಪ್ಪಲ್ಲ. ನಿನ್ನ ರಾಕ್ಷಸನಿಗೆ ಮಾತು ಮುಗಿಸ್ಲಿಕ್ಕೆ ಬರುದಿಲ್ಲ, ಅಷ್ಟೆ. ಅವನಿಗೆ ಒಂದು ಜಾಗಟೆ ಕೊಡು.”

“ಜಾಗಟೆಯಾ?”

“ನಮ್ಮ ಭಾಗವತರ ಹತ್ರ ಇದ್ದ ಹಾಗೆ. ಎರಡು ಮಾತಿನವರೆಗೆ ಕೇಳ್ಲಿ. ಮೂರನೆಯದಕ್ಕೆ ಜಾಗಟೆ ಬಡಿದು ಯುದ್ಧಕ್ಕೆ ಬರ್ಲಿ. ಆಗ ದೂತನಿಗೂ ಬೆಲೆ ಬರ್ತದೆ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರುವವನು ಗೆಲ್ತಾನೆ.”

ಬಾಗಿಲಲ್ಲಿ ನಿಂತಿದ್ದ ಸರೋಜ ಸೌಟನ್ನು ಒಮ್ಮೆ ನನ್ನ ಕಡೆಗೆ ತೋರಿಸಿದಳು. “ಅಂತೂ ನಿಮ್ಮ ಬಾಯಿಂದಲೇ ಬಂತಲ್ಲ. ನಾನು ಇಷ್ಟು ವರ್ಷದಿಂದ ಎಂತ ಹೇಳುದು?”

ಚೈತ್ರ ನಕ್ಕಳು. ನಕ್ಕದ್ದು ಒಳ್ಳೆಯದಾಯಿತು, ಏಕೆಂದರೆ ತಿಂಗಳು ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ನನ್ನ ಗೆಲುವನ್ನು ಅವಳು ಕಳುಹಿಸಲಿಲ್ಲ. ನಕ್ಷೆ ತಿದ್ದಿದಳು. ಜಾಗಟೆಯ ಸದ್ದಿಗೆಂದು ದೇವರ ಕೋಣೆಯ ಜಾಗಟೆಯನ್ನು ನಾನೇ ಬಡಿದೆ, ಅವಳು ಮೊಬೈಲಿನಲ್ಲಿ ಹಿಡಿದಳು. ‘ದೂತನನ್ನು ಮರೆಯಬೇಡಿ, ಆದರೆ ಅವನನ್ನು ನಂಬಬೇಡಿ’ ಎಂದು ಆಟಗಾರರಿಗೆ ಒಂದು ಸಾಲು ಬರೆದು ಹಾಕಿದಳು. ಆಮೇಲೆ ನಾವು ಕಾದೆವು. ದಿನಾಲೂ ಅವಳು ಬಸ್ಸಿಳಿದು ಬರುವಾಗ ನಾನು ಮುಖ ನೋಡುವುದು, ಅವಳು ತಲೆಯಲ್ಲಾಡಿಸುವುದು. ತಿಂಗಳ ಕೊನೆಯ ಭಾನುವಾರ, ದೋಸೆ ಹೊಯ್ಯುತ್ತಿದ್ದವಳು ಮೊಬೈಲು ನೋಡಿ ಕಾವಲಿಯನ್ನು ಮರೆತಳು. ಮೊದಲ ನಕ್ಷೆಯನ್ನು ‘ಮಕ್ಕಳ ಆಟ’ ಎಂದಿದ್ದ ಪರದೇಶದವನೇ ಗೆದ್ದು ಬರೆದಿದ್ದ. ಎರಡು ಮಾತಿನ ಒಳಗೆ ಕಡವು ದಾಟಿ, ಮೂರನೆಯ ಮಾತಿಗೆ ಮೊದಲೇ ದೂತನನ್ನು ಹಿಂದಕ್ಕೆ ಕರೆಸಿಕೊಂಡು, ಸರಿಯಾದ ಯುದ್ಧದಲ್ಲಿ ಗೆದ್ದಿದ್ದ. ‘ಇಷ್ಟು ಕಷ್ಟದ ನಕ್ಷೆ ನಾನು ಆಡಿಲ್ಲ. ಆ ಗಂಟೆಯ ಸದ್ದು ಕೇಳಿದರೆ ಈಗಲೂ ಎದೆ ನಡುಗುತ್ತದೆ’ ಎಂದಿದ್ದ. ದೋಸೆ ಕರಟಿತು. ದೋಸೆ ಹೇಗುಂಟು ಎಂದು ಅವಳು ಕೇಳಿದಾಗ ನಾನು ಅಡ್ಡಿಯಿಲ್ಲ ಎಂದೆ.

ನನ್ನ ಕಾಲು ಈಗ ಸರಿಯಾಗಿದೆ. ಸಂಜೆ ಒಮ್ಮೊಮ್ಮೆ ನಾನೂ ತಿದ್ದಿದ ನಕ್ಷೆ ಆಡುತ್ತೇನೆ. ಶತ್ರುವಿನ ಕುಲದ ವರ್ಣನೆ ಅರ್ಧವಾಗುವಾಗ ಜಾಗಟೆ ಬಡಿಯುತ್ತದೆ. ನಕ್ಷೆ ಸಂಗ್ರಹಕ್ಕೆ ಸೇರಿದೆ. ನಾನು ಇನ್ನೂ ಸೇತುವೆ ದಾಟಿಲ್ಲ.